ಪಹಣಿ ಓದಬಲ್ಲ ಮಗು: ಶಾಲೆಯ ಕಂಪ್ಯೂಟರಿನಲ್ಲಿ ನಿತ್ಯಜೀವನದ ದಾಖಲೆಗಳು

ನಮ್ಮ ಪ್ರೌಢಶಾಲೆಗಳ ಕಂಪ್ಯೂಟರ್ ತರಗತಿಯಲ್ಲಿ ಮಕ್ಕಳು ಸಾಮಾನ್ಯವಾಗಿ ಮೊದಲು ಕಲಿಯುವುದು ರಜಾ ಅರ್ಜಿ ಟೈಪ್ ಮಾಡಲು. ಆಮೇಲೆ ಐದು ಮಂದಿ ವಿದ್ಯಾರ್ಥಿಗಳ ಕಾಲ್ಪನಿಕ ಅಂಕಪಟ್ಟಿಯನ್ನು ಕೂಡಿಸಿ ಸರಾಸರಿ ತೆಗೆಯಲು. ಪರೀಕ್ಷೆ ಮುಗಿದೊಡನೆ ಆ ಕಡತ ಅಳಿಸಿಹೋಗುತ್ತದೆ. ಅದೇ ಮಗುವಿನ ಮನೆಯಲ್ಲಿ ಪಹಣಿ, ಹಾಲಿನ ಡೇರಿಯ ಚೀಟಿ, ವಿದ್ಯುತ್ ಬಿಲ್ಲು, ಬ್ಯಾಂಕ್ ಪಾಸ್‌ಪುಸ್ತಕ, ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಇವೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಕುಳಿತಿರುತ್ತವೆ. ಅವನ್ನು ಓದಿ ಅರ್ಥ ಹೇಳಬಲ್ಲವರು ಮನೆಯಲ್ಲಿ ಯಾರೂ ಇಲ್ಲದಿರಬಹುದು. ಹತ್ತು ವರ್ಷ ಶಾಲೆಗೆ ಹೋದ ಮಗುವೂ ಅದನ್ನು ಹಿಡಿದು ಸೈಬರ್ ಅಂಗಡಿಯ ಮುಂದೆ ನಿಲ್ಲುತ್ತದೆ.

ಈ ಅಂತರವನ್ನು ತುಂಬುವ ಒಂದು ದಾರಿಯೆಂದರೆ, ಕಲಿಕೆಗೆಂದು ಬಳಸುವ ತಂತ್ರಾಂಶಗಳು ನಿತ್ಯಜೀವನದ ದಾಖಲೆಗಳನ್ನು ಅವು ಇರುವ ರೂಪದಲ್ಲಿಯೇ ತೆರೆಯಲು, ಬಳಸಲು, ಮರಳಿ ಉಳಿಸಲು ಸಾಧ್ಯವಾಗುವಂತೆ ಇರಬೇಕು ಎಂಬುದು. ಮಾತು ಸರಳ. ಆದರೆ ಅದರೊಳಗೆ ಕನ್ನಡ ಲಿಪಿಯ ಸಮಸ್ಯೆ ಇದೆ, ಎಕರೆ-ಗುಂಟೆಯ ಲೆಕ್ಕ ಇದೆ, ಬಡವರ ಖಾಸಗಿ ವಿವರಗಳ ರಕ್ಷಣೆಯ ಪ್ರಶ್ನೆ ಇದೆ. ಇದನ್ನು ಅರಿಯಲು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ: ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ.

ಈ ನಾಲ್ಕೇ ಏಕೆ?

ಕರಾವಳಿಯ ಕ್ರೈಸ್ತರಿಗೆ ಶ್ರೀರಂಗಪಟ್ಟಣದ ಹೆಸರು 1784ರ ಸೆರೆಯ ಇತಿಹಾಸದಿಂದ ಪರಿಚಿತ. ಇಲ್ಲಿ ನಮಗೆ ಬೇಕಾದದ್ದು ಇಂದಿನ ಶ್ರೀರಂಗಪಟ್ಟಣ. ಈ ನಾಲ್ಕೂ ತಾಲ್ಲೂಕುಗಳು ಕಂದಾಯ ಇಲಾಖೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿವೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳದು ಮತ್ತೊಂದು ಉಪವಿಭಾಗ. ಜಮೀನಿನ ಹಕ್ಕು ಬದಲಾವಣೆ, ಅಂದರೆ ಮ್ಯುಟೇಶನ್ ಆದೇಶ ಸರಿಯಿಲ್ಲ ಎಂದು ರೈತನಿಗೆ ಅನ್ನಿಸಿದರೆ ಆತ ಮೇಲ್ಮನವಿ ಸಲ್ಲಿಸುವುದು ಉಪವಿಭಾಗಾಧಿಕಾರಿಗಳ ಮುಂದೆ. ಹೀಗಾಗಿ ಈ ನಾಲ್ಕು ತಾಲ್ಲೂಕಿನ ಸಾವಿರಾರು ಕುಟುಂಬಗಳ ಬದುಕು ಒಂದೇ ಬಗೆಯ ಕಾಗದಗಳ ಸುತ್ತ ತಿರುಗುತ್ತದೆ.

ಆದರೆ ನೆಲ ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಕಾವೇರಿಯ ನಾಲೆ ನೀರು, ಭತ್ತ, ಕಬ್ಬು. ಕೆ.ಆರ್. ಪೇಟೆಯಲ್ಲಿ ಹೇಮಾವತಿ. ನಾಗಮಂಗಲದ ಬಹುಭಾಗ ಮಳೆಯನ್ನೇ ನಂಬಿದ ರಾಗಿ, ಹುರುಳಿ, ತೆಂಗಿನ ಸೀಮೆ. ಒಂದೇ ಪಠ್ಯಪುಸ್ತಕ ಓದುವ ಮಕ್ಕಳ ಮನೆಯ ದಾಖಲೆಗಳು ಒಂದೊಂದು ಊರಿನಲ್ಲಿ ಒಂದೊಂದು ಕಥೆ ಹೇಳುತ್ತವೆ.

ಎಲ್ಲರ ಮನೆಯಲ್ಲೂ ಇರುವ ಪಠ್ಯ

ಪಹಣಿಯನ್ನೇ ನೋಡೋಣ. ಜನ ಇದನ್ನು ಆರ್‌ಟಿಸಿ ಎಂದೂ ಕರೆಯುತ್ತಾರೆ. ಹಿಂದೆ ಇದು ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಕರ್ನಾಟಕ ಸರ್ಕಾರದ ಭೂಮಿ ಯೋಜನೆಯಡಿ 2000ದ ದಶಕದ ಆರಂಭದಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಲಾಯಿತು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಮುದ್ರಿತ ಪಹಣಿ ದೊರೆಯುತ್ತಿತ್ತು. ಇಂದು ಅದನ್ನು ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ನೋಡಬಹುದು. ಕಾಗದ ಸಿಗುವುದು ಸುಲಭವಾಯಿತು. ಅದನ್ನು ಓದುವುದು ಸುಲಭವಾಗಲಿಲ್ಲ.

ಪಹಣಿಯಲ್ಲಿ ಸರ್ವೆ ನಂಬರ್, ಹಿಸ್ಸಾ ನಂಬರ್, ಒಟ್ಟು ವಿಸ್ತೀರ್ಣ, ಸಾಗುವಳಿಗೆ ಬಾರದ ಖರಾಬು, ಕಂದಾಯ, ಮಣ್ಣಿನ ಬಗೆ, ನೀರಾವರಿ ಇವೆಲ್ಲ ಬೇರೆ ಬೇರೆ ಕಾಲಂಗಳಲ್ಲಿ ಇರುತ್ತವೆ. 9ನೇ ಕಾಲಂನಲ್ಲಿ ಸ್ವಾಧೀನದಾರನ ಹೆಸರು ಮತ್ತು ಖಾತೆ ಸಂಖ್ಯೆ. 10ರಲ್ಲಿ ಆ ಜಮೀನು ಆತನಿಗೆ ಬಂದ ರೀತಿ: ಕ್ರಯವೋ, ವಿಭಾಗವೋ, ಪೌತಿಯೋ. 11ರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. 12ರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆಯ ವಿವರ.

ಈ ನಾಲ್ಕು ಕಾಲಂ ಓದಲು ಬಂದರೆ ಎಷ್ಟು ಉಪಯೋಗ ಎಂಬುದನ್ನು ಗಮನಿಸಿ. ತಾತ ತೀರಿಕೊಂಡು ವರ್ಷಗಳಾಗಿದ್ದರೂ 9ನೇ ಕಾಲಂನಲ್ಲಿ ಅವರ ಹೆಸರೇ ಉಳಿದಿದ್ದರೆ ಪೌತಿ ಖಾತೆ ಆಗಿಲ್ಲ ಎಂದರ್ಥ. ಬೆಳೆ ಸಾಲಕ್ಕೆ, ಪರಿಹಾರಕ್ಕೆ, ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕುವಾಗ ಅದು ಅಡ್ಡಿಯಾಗುತ್ತದೆ. ಸಾಲ ತೀರಿಸಿದ್ದರೂ ಬ್ಯಾಂಕಿನ ಪತ್ರ ಕಂದಾಯ ಕಚೇರಿಗೆ ತಲುಪದಿದ್ದರೆ 11ನೇ ಕಾಲಂನಲ್ಲಿ ಋಣ ಹಾಗೆಯೇ ನಿಂತಿರುತ್ತದೆ. ರಾಗಿ ಬೆಳೆದವನ ಪಹಣಿಯ 12ನೇ ಕಾಲಂನಲ್ಲಿ ಬೇರೆ ಬೆಳೆ ನಮೂದಾಗಿದ್ದರೆ ಬೆಳೆ ನಷ್ಟದ ಸಮಯದಲ್ಲಿ ತೊಂದರೆ. ಇವೆಲ್ಲ ಸಕಾಲದಲ್ಲಿ ಕಣ್ಣಿಗೆ ಬಿದ್ದರೆ ಸರಿಪಡಿಸಬಹುದಾದ ಸಂಗತಿಗಳು. ಕಣ್ಣಿಗೆ ಬೀಳಲು ಓದುವ ಕಣ್ಣು ಬೇಕು.

ಶಿಕ್ಷಣ ತಜ್ಞರು ಏನು ಹೇಳುತ್ತಾರೆ?

ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ತತ್ವಗಳಲ್ಲಿ ಮೊದಲನೆಯದು. 2017ರಲ್ಲಿ ಅಸರ್ ಸಮೀಕ್ಷೆಯವರು ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಪರೀಕ್ಷಿಸಿದಾಗ ಪಠ್ಯದ ಪ್ರಶ್ನೆಗಳ ಜೊತೆಗೆ ಹಣ ಎಣಿಸುವುದು, ಗಡಿಯಾರ ನೋಡುವುದು, ಓಆರ್‌ಎಸ್ ಪೊಟ್ಟಣದ ಮೇಲಿನ ಸೂಚನೆ ಓದಿ ಅರ್ಥಮಾಡಿಕೊಳ್ಳುವುದು ಇಂತಹ ನಿತ್ಯದ ಕೆಲಸಗಳನ್ನೂ ಕೊಟ್ಟಿದ್ದರು. ಓದು ಬಲ್ಲವರಿಗೆ ಪೊಟ್ಟಣದ ಮೇಲಿನ ಓದೂ ಬಂದೇ ಬರುತ್ತದೆ ಎಂದು ಊಹಿಸಿಕೊಳ್ಳುವಂತಿಲ್ಲ ಎಂಬ ಅರಿವು ಅದರ ಹಿಂದಿದೆ.

ಅಮೆರಿಕದಲ್ಲಿ ವಿಕ್ಟೋರಿಯಾ ಪರ್ಸೆಲ್-ಗೇಟ್ಸ್ ಮತ್ತು ಸಂಗಡಿಗರು ವಯಸ್ಕರ ಸಾಕ್ಷರತಾ ತರಗತಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದಕ್ಕೆ ಪುಷ್ಟಿ ಕೊಡುತ್ತದೆ. ತರಗತಿಯಲ್ಲಿ ಅಭ್ಯಾಸ ಹಾಳೆಗಳಿಗಿಂತ ನಿಜವಾದ ಪತ್ರ, ಪತ್ರಿಕೆ, ಅರ್ಜಿ ನಮೂನೆಗಳನ್ನು ಹೆಚ್ಚಾಗಿ ಬಳಸಿದಲ್ಲೆಲ್ಲ ಕಲಿಯುವವರು ತರಗತಿಯ ಹೊರಗೂ ಹೆಚ್ಚು ಓದಲು ಬರೆಯಲು ತೊಡಗಿದ್ದರು. ಕಾಲ್ಪನಿಕ ಅಂಕಪಟ್ಟಿಯಲ್ಲಿ ತಪ್ಪಿದರೆ ಒಂದು ಅಂಕ ಹೋಗುತ್ತದೆ; ಮನೆಯ ಹಾಲಿನ ಲೆಕ್ಕದಲ್ಲಿ ತಪ್ಪಿದರೆ ಹಣ ಹೋಗುತ್ತದೆ ಎಂಬುದು ಮಗುವಿಗೂ ಗೊತ್ತು. ಆ ತಿಳಿವೇ ಅದನ್ನು ಎಚ್ಚರದಿಂದ ಕೂರಿಸುತ್ತದೆ.

ಕಡತದ ರೂಪ ಎಂದರೇನು?

ಕಂಪ್ಯೂಟರಿನಲ್ಲಿ ದಾಖಲೆಗಳು ಹಲವು ರೂಪದಲ್ಲಿ ಬರುತ್ತವೆ. ಸಂಕ್ಷಿಪ್ತವಾಗಿ ಅವನ್ನು ಹೀಗೆ ವಿಂಗಡಿಸಬಹುದು.

1. ಚಿತ್ರ. ಮೊಬೈಲಿನಲ್ಲಿ ತೆಗೆದ ಫೋಟೋ ಅಥವಾ ಸ್ಕ್ಯಾನ್ ಮಾಡಿದ ಹಾಳೆ. ಮನುಷ್ಯನಿಗೆ ಅಕ್ಷರ ಕಾಣುತ್ತದೆ, ಕಂಪ್ಯೂಟರಿಗೆ ಬರೀ ಚುಕ್ಕೆಗಳು. ಹುಡುಕಲಾಗದು, ಕೂಡಿಸಲಾಗದು. ದೃಷ್ಟಿದೋಷವಿರುವ ಮಗುವಿಗೆ ತೆರೆ ಓದುವ ತಂತ್ರಾಂಶ ಇದನ್ನು ಓದಿ ಹೇಳಲಾರದು. ಅಕ್ಷರ ಗುರುತಿಸುವ ಟೆಸರಾಕ್ಟ್‌ನಂತಹ ಮುಕ್ತ ತಂತ್ರಾಂಶಗಳು ಕನ್ನಡಕ್ಕೂ ಇವೆ. ಆದರೆ ಅವು ಕೊಟ್ಟದ್ದನ್ನು ಕಣ್ಣಿಟ್ಟು ತಿದ್ದಬೇಕು.

2. ಪಿಡಿಎಫ್. ಅಡೋಬ್ ಸಂಸ್ಥೆ 1993ರಲ್ಲಿ ಹೊರತಂದದ್ದು, 2008ರಿಂದ ಅಂತರರಾಷ್ಟ್ರೀಯ ಮಾನಕ. ಎಲ್ಲಿ ತೆರೆದರೂ ಒಂದೇ ರೀತಿ ಕಾಣುತ್ತದೆ. ಬಿಲ್ಲು, ಪ್ರಮಾಣಪತ್ರ, ಸುತ್ತೋಲೆಗಳು ಬರುವುದು ಇದರಲ್ಲಿ. ಓದಲು ಚೆನ್ನ, ತಿದ್ದಲು ಕಷ್ಟ.

3. ಬರಹದ ಕಡತ. ವರ್ಡ್‌ನಲ್ಲಿ ಅಥವಾ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಮಾಡಿದ ಅರ್ಜಿ, ನಡಾವಳಿ, ವರದಿ.

4. ಲೆಕ್ಕದ ಹಾಳೆ. ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಕ್ಯಾಲ್ಕ್ ಕಡತ. ಸಾಲು, ಕಾಲಂ, ಸೂತ್ರಗಳು.

5. ಸಿಎಸ್‌ವಿ. ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ. ನೋಡಲು ಸೊಗಸಿಲ್ಲ, ಆದರೆ ಯಾವ ತಂತ್ರಾಂಶವೂ ಓದಬಲ್ಲದು.

ಬರಹ ಮತ್ತು ಲೆಕ್ಕದ ಕಡತಗಳಿಗೆ ಎರಡು ಅಂತರರಾಷ್ಟ್ರೀಯ ಮಾನಕಗಳಿವೆ: 2006ರಲ್ಲಿ ಅಂಗೀಕಾರವಾದ ಓಪನ್ ಡಾಕ್ಯುಮೆಂಟ್ ರೂಪ, ಮತ್ತು 2008ರಲ್ಲಿ ಅಂಗೀಕಾರವಾದ, ಮೈಕ್ರೋಸಾಫ್ಟ್ ಮೂಲದ ಓಪನ್ ಎಕ್ಸ್‌ಎಂಎಲ್ ರೂಪ. ಆಡಳಿತದಲ್ಲಿ ಮುಕ್ತ ಮಾನಕಗಳನ್ನು ಬಳಸಬೇಕೆಂಬ ನೀತಿಯನ್ನು ಭಾರತ ಸರ್ಕಾರ 2010ರಲ್ಲಿ ಪ್ರಕಟಿಸಿತು. ಮುಕ್ತ ಮಾನಕವೆಂದರೆ ಕಡತದ ಒಳರಚನೆ ಎಲ್ಲರಿಗೂ ತೆರೆದಿದೆ, ಯಾವುದೋ ಒಂದು ಕಂಪೆನಿಯ ತಂತ್ರಾಂಶ ಕೊಂಡವರು ಮಾತ್ರ ತೆರೆಯಬಹುದು ಎಂಬ ಕಟ್ಟಿಲ್ಲ. ಬಡ ಶಾಲೆಗೆ ಇದು ಮುಖ್ಯ.

ಆದರೆ ಶಾಲೆಗೆಂದು ಮಾರುವ ಎಷ್ಟೋ ಕಲಿಕಾ ತಂತ್ರಾಂಶಗಳು ತಮ್ಮದೇ ಪೆಟ್ಟಿಗೆಯೊಳಗಿನ ಪಾಠ ಮಾತ್ರ ತೋರಿಸುತ್ತವೆ. ಹೊರಗಿನ ಕಡತವನ್ನು ಒಳಗೆ ಬಿಡುವುದಿಲ್ಲ, ಮಗು ಮಾಡಿದ್ದನ್ನು ಹೊರಗೆ ಕೊಡುವುದಿಲ್ಲ. 2017ರಲ್ಲಿ ಆರಂಭವಾದ ರಾಷ್ಟ್ರೀಯ ದೀಕ್ಷಾ ವೇದಿಕೆಯಲ್ಲಿ ವಿಡಿಯೋ, ಪಿಡಿಎಫ್, ಪ್ರಶ್ನೋತ್ತರಗಳು ಸಾಕಷ್ಟಿವೆ. ನೋಡಲು ಅವು ಉಪಯುಕ್ತ. ಮನೆಯ ಕಾಗದವನ್ನು ತಂದು, ಬಿಡಿಸಿ, ಲೆಕ್ಕ ಮಾಡಿ, ಮುದ್ರಿಸಿ ಒಯ್ಯಲು ಅದರ ಜೊತೆಗೆ ಬೇರೆ ಸಾಧನ ಬೇಕು.

ಕನ್ನಡದ ತೊಡಕು

ಕನ್ನಡದ ಹಳೆಯ ಕಡತ ತೆರೆದರೆ ಒಮ್ಮೊಮ್ಮೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಕಡತ ಹಾಳಾಗಿದೆ ಎಂದು ಅನೇಕರು ಅಳಿಸಿಬಿಡುತ್ತಾರೆ. ಹಾಳಾಗಿರುವುದಿಲ್ಲ.

1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳು ಬಂದು ಕನ್ನಡವನ್ನು ಕಂಪ್ಯೂಟರಿಗೆ ತಂದವು. ನುಡಿಯ ಕೀಲಿಮಣೆ ವಿನ್ಯಾಸ ಮಂಗಳೂರು ಸಮೀಪದ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಅವರದು ಎಂಬುದು ಕರಾವಳಿಗೆ ಹೆಮ್ಮೆಯ ಸಂಗತಿ. ಆ ಕಾಲದ ಫಾಂಟುಗಳು ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಯುನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸ್ವಂತ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗ ಎಂಬ ಕನ್ನಡ ಫಾಂಟು ಬಂತು. ಆದರೂ ಸಂಘಗಳ, ಶಾಲೆಗಳ, ಪಂಚಾಯತಿಗಳ ಎಷ್ಟೋ ಹಳೆಯ ಕಡತಗಳು ಇಂದಿಗೂ ಹಳೆಯ ಫಾಂಟಿನಲ್ಲೇ ಇವೆ.

ಆದ್ದರಿಂದ ಕನ್ನಡ ಶಾಲೆಗೆ ಬೇಕಾದ ತಂತ್ರಾಂಶ ಹಳೆಯ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವ ದಾರಿ ತೋರಬೇಕು. ಪರಿವರ್ತನೆಯ ನಂತರ ಒತ್ತಕ್ಷರ, ಅರ್ಕಾವತ್ತು, ದೀರ್ಘಗಳು ಸರಿಯಾಗಿ ಬಂದಿವೆಯೇ ಎಂದು ಮಕ್ಕಳೇ ಮೂಲದೊಂದಿಗೆ ಹೋಲಿಸಲಿ. ಹತ್ತು ಸಾಲು ಹೋಲಿಸಿದ ಮಗು ಕಾಗುಣಿತದ ಪಾಠವನ್ನೂ ಕಲಿತಿರುತ್ತದೆ. ಹೆಸರಿನ ಒಂದು ಅಕ್ಷರ ಪಹಣಿಯಲ್ಲೊಂದು ಆಧಾರ್ ಕಾರ್ಡಿನಲ್ಲೊಂದು ಇದ್ದರೆ ಏನೆಲ್ಲ ಅಲೆದಾಟ ಎಂಬುದು ಹಳ್ಳಿಯ ಪ್ರತಿ ಮನೆಗೂ ಗೊತ್ತಿರುವ ವಿಷಯ.

ಸರ್ವೆ ನಂಬರ್ ದಿನಾಂಕವಾದಾಗ

ನಿಜವಾದ ದಾಖಲೆಗಳನ್ನು ಲೆಕ್ಕದ ಹಾಳೆಗೆ ತಂದಾಗ ಪಠ್ಯಪುಸ್ತಕದಲ್ಲಿ ಎಂದೂ ಕಾಣದ ತೊಂದರೆಗಳು ಎದುರಾಗುತ್ತವೆ. ಪಾಠದ ಸಾರವೇ ಅವುಗಳಲ್ಲಿದೆ.

ಮೊದಲನೆಯದು, ಸರ್ವೆ ನಂಬರ್. 12/3 ಎಂದು ಟೈಪ್ ಮಾಡಿ ಒತ್ತಿದರೆ ಲೆಕ್ಕದ ಹಾಳೆ ಅದನ್ನು ಮಾರ್ಚ್ 12 ಎಂದು ತಿಳಿದು ದಿನಾಂಕವಾಗಿ ಬದಲಿಸಿಬಿಡುತ್ತದೆ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ ಅದೇ ಡಿಸೆಂಬರ್ 3. ಜಗತ್ತಿನ ವಿಜ್ಞಾನಿಗಳೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಮಾರ್ಚ್ 1, ಸೆಪ್ಟೆಂಬರ್ 1 ಎಂದು ಕಾಣುವ ಸಂಕ್ಷಿಪ್ತ ಹೆಸರಿದ್ದ ವಂಶವಾಹಿಗಳನ್ನು ಎಕ್ಸೆಲ್ ದಿನಾಂಕ ಮಾಡುತ್ತಿದ್ದ ಕಾರಣ, 2020ರಲ್ಲಿ ಅಂತರರಾಷ್ಟ್ರೀಯ ನಾಮಕರಣ ಸಮಿತಿ ಅಂತಹ ಹೆಸರುಗಳನ್ನೇ ಬದಲಿಸಿತು. ನಮ್ಮ ಸರ್ವೆ ನಂಬರನ್ನು ಬದಲಿಸಲಾಗದು. ಕಾಲಂ ಅನ್ನು ಮೊದಲೇ ಪಠ್ಯ ಎಂದು ಗುರುತಿಸಿ ಆಮೇಲೆ ನಮೂದಿಸಬೇಕು.

ಎರಡನೆಯದು, ಎಕರೆ-ಗುಂಟೆ. ಪಹಣಿಯಲ್ಲಿ 2 ಎಕರೆ 20 ಗುಂಟೆಯನ್ನು 2.20 ಎಂದು ಚುಕ್ಕೆ ಹಾಕಿ ತೋರಿಸುತ್ತಾರೆ. ಅದು ದಶಮಾಂಶವಲ್ಲ. 40 ಗುಂಟೆಗೆ ಒಂದು ಎಕರೆ. ಹಾಗಾಗಿ ಅದು ಎರಡೂವರೆ ಎಕರೆ. ಒಬ್ಬ ರೈತನಿಗೆ ಒಂದು ಕಡೆ 1 ಎಕರೆ 30 ಗುಂಟೆ, ಇನ್ನೊಂದು ಕಡೆ 25 ಗುಂಟೆ ಇದೆ ಎನ್ನಿ. 1.30 ಮತ್ತು 0.25 ಎಂದು ಕೂಡಿಸಿದರೆ ಕಂಪ್ಯೂಟರ್ 1.55 ಎನ್ನುತ್ತದೆ. ಸರಿಯಾದ ಉತ್ತರ 2 ಎಕರೆ 15 ಗುಂಟೆ. ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ ಮಾಡಿ, ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಕೂಡಿಸಬೇಕು: 70 ಮತ್ತು 25, ಒಟ್ಟು 95 ಗುಂಟೆ. ಅದನ್ನು 40ರಿಂದ ಭಾಗಿಸಿದರೆ ಭಾಗಲಬ್ಧ 2 ಎಕರೆ, ಶೇಷ 15 ಗುಂಟೆ. ಐದನೇ ತರಗತಿಯ ಭಾಗಾಕಾರದ ಶೇಷ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಕರಾವಳಿಯ ನಾವು ಸೆಂಟ್ಸ್ ಲೆಕ್ಕಕ್ಕೆ ಒಗ್ಗಿದವರು. 100 ಸೆಂಟ್ಸ್ ಒಂದು ಎಕರೆಯಾದ್ದರಿಂದ ನಮಗೆ ಚುಕ್ಕೆಯ ಲೆಕ್ಕ ಸರಿಯಾಗಿಯೇ ಬರುತ್ತದೆ. ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್ಸ್. ಘಟ್ಟದ ಮೇಲಿನ ಪಹಣಿ ನೋಡುವಾಗ ಇದನ್ನು ಮರೆತರೆ ಲೆಕ್ಕ ಕೈಕೊಡುತ್ತದೆ.

ಮೂರನೆಯದು, ಸಂಖ್ಯೆಯಂತೆ ಕಾಣುವ ಗುರುತುಗಳು. ಬ್ಯಾಂಕ್ ಖಾತೆಯ ಸಂಖ್ಯೆ ಸೊನ್ನೆಯಿಂದ ಆರಂಭವಾದರೆ ಲೆಕ್ಕದ ಹಾಳೆ ಆ ಸೊನ್ನೆಯನ್ನು ತೆಗೆದುಹಾಕುತ್ತದೆ. 15 ಅಂಕಿಗಳಿಗಿಂತ ಉದ್ದವಾದರೆ ಎಕ್ಸೆಲ್ ಕೊನೆಯ ಅಂಕಿಗಳನ್ನು ಸೊನ್ನೆ ಮಾಡುತ್ತದೆ. ಸ್ವಸಹಾಯ ಸಂಘದ ಸದಸ್ಯರ ಖಾತೆಗಳ ಪಟ್ಟಿಯಲ್ಲಿ ಹೀಗಾದರೆ ಹಣ ಜಮೆಯಾಗುವುದಿಲ್ಲ. ಕೂಡಿ ಕಳೆಯಲು ಇರುವುದು ಮಾತ್ರ ಸಂಖ್ಯೆ. ಖಾತೆ ಸಂಖ್ಯೆ, ಫೋನ್, ಪಿನ್‌ಕೋಡ್ ಇವು ಹೆಸರುಗಳಿದ್ದಂತೆ, ಅವನ್ನು ಪಠ್ಯವೆಂದೇ ಇಡಬೇಕು.

ನಾಲ್ಕು ತಾಲ್ಲೂಕು, ನಾಲ್ಕು ಪಾಠ

ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕೃಷ್ಣರಾಜಸಾಗರ ಅಣೆಕಟ್ಟೆ ಇದೆ. ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49 ಟಿಎಂಸಿಗಿಂತ ತುಸು ಹೆಚ್ಚು. ಮಳೆಗಾಲದಲ್ಲಿ ಒಳಹರಿವು, ಹೊರಹರಿವು, ಮಟ್ಟ ಇವು ಪ್ರತಿದಿನ ಪತ್ರಿಕೆಗಳಲ್ಲಿ ಬರುತ್ತವೆ. ಆ ಪಟ್ಟಿಯನ್ನು ಲೆಕ್ಕದ ಹಾಳೆಗೆ ತಂದರೆ ಒಂದು ತಿಂಗಳ ಪಾಠ ಸಿದ್ಧ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಒಂದು ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನವಿಡೀ 20,000 ಕ್ಯೂಸೆಕ್ ಬಂದು 5,000 ಕ್ಯೂಸೆಕ್ ಹೊರಹೋದರೆ ಉಳಿಯುವುದು 15,000. ಅದನ್ನು 86,400ರಿಂದ ಗುಣಿಸಿದರೆ ಸುಮಾರು 1.3 ಟಿಎಂಸಿ. ಕಾವೇರಿ ವಿವಾದದ ಸುದ್ದಿ ಬಂದಾಗ ಇಷ್ಟು ಕ್ಯೂಸೆಕ್ ಬಿಡಿ ಎಂದರೆ ಅಣೆಕಟ್ಟೆಯಿಂದ ಎಷ್ಟು ಹೋಗುತ್ತದೆ ಎಂದು ಹತ್ತನೇ ತರಗತಿಯ ಮಗು ತಾನೇ ಲೆಕ್ಕ ಹಾಕಬಲ್ಲದು. ಘೋಷಣೆ ಕೂಗುವವರ ನಡುವೆ ಲೆಕ್ಕ ಬಲ್ಲ ಒಬ್ಬರಿದ್ದರೂ ಲಾಭವೇ.

ಪಾಂಡವಪುರ ಕಬ್ಬಿನ ಊರು. ಕಬ್ಬು ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ನಿವ್ವಳ ತೂಕ ಇವು ತೂಕದ ಚೀಟಿಯಲ್ಲಿರುತ್ತವೆ. ತುಂಬಿದ್ದು 18.640 ಟನ್, ಖಾಲಿ 6.240 ಟನ್ ಎಂದಿಟ್ಟುಕೊಂಡರೆ ನಿವ್ವಳ 12.400 ಟನ್, ಅಂದರೆ 124 ಕ್ವಿಂಟಲ್. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಮಾಡಿದ್ದ ನ್ಯಾಯೋಚಿತ ಬೆಲೆ, ಶೇಕಡಾ 10.25 ಇಳುವರಿಗೆ, ಕ್ವಿಂಟಲ್‌ಗೆ 340 ರೂಪಾಯಿ. ಆ ಲೆಕ್ಕಕ್ಕೆ 42,160 ರೂಪಾಯಿ. ಕೈಗೆ ಬರುವ ಹಣ ಇಷ್ಟಿರುವುದಿಲ್ಲ. ಕಟಾವು, ಸಾಗಣೆ, ಸಾಲದ ಕಂತು ಕಡಿತವಾಗುತ್ತವೆ. ಯಾವ ಕಡಿತ ಯಾವ ಸಾಲಿನಲ್ಲಿದೆ ಎಂದು ಬಿಲ್ಲಿನಲ್ಲಿ ಹುಡುಕುವುದೇ ಪಾಠ.

ಕೆ.ಆರ್. ಪೇಟೆಯ ಹಳ್ಳಿಗಳಲ್ಲಿ ಹಸು ಸಾಕಣೆ ಅನೇಕ ಮನೆಗಳ ಆಸರೆ. ಹಾಲು ಉತ್ಪಾದಕರ ಸಹಕಾರ ಸಂಘಗಳ ಹಾಲು ಮಂಡ್ಯ ಜಿಲ್ಲಾ ಹಾಲು ಒಕ್ಕೂಟಕ್ಕೆ ಹೋಗುತ್ತದೆ. ಚೀಟಿಯಲ್ಲಿ ಲೀಟರ್, ಫ್ಯಾಟ್ ಅಂದರೆ ಜಿಡ್ಡಿನಂಶ, ಎಸ್‌ಎನ್‌ಎಫ್ ಅಂದರೆ ಜಿಡ್ಡು ಬಿಟ್ಟು ಉಳಿದ ಘನಾಂಶ, ದರ, ಮೊತ್ತ. ಬೆಳಗ್ಗೆ 6 ಲೀಟರ್ ಹಾಲಿಗೆ 3.6 ಫ್ಯಾಟ್, ಸಂಜೆ 4 ಲೀಟರ್‌ಗೆ 4.2 ಎಂದಾದರೆ ಆ ದಿನದ ಸರಾಸರಿ ಎಷ್ಟು? ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ 3.9. ಆದರೆ ಬೆಳಗಿನ ಹಾಲು ಹೆಚ್ಚು; ಲೀಟರಿನ ತೂಕ ಕೊಟ್ಟು ಲೆಕ್ಕ ಮಾಡಿದರೆ 3.84. ಪಠ್ಯಪುಸ್ತಕದಲ್ಲಿ ಒಣಗಿ ಕಾಣುವ ತೂಕದ ಸರಾಸರಿ ಇಲ್ಲಿ ಹಾಲಿನಂತೆ ಹರಿಯುತ್ತದೆ. ಹದಿನೈದು ದಿನದ ಮೂವತ್ತು ಚೀಟಿಗಳನ್ನು ನಮೂದಿಸಿ ನಕ್ಷೆ ಬಿಡಿಸಿದರೆ ಮೇವು ಬದಲಾದಾಗ ಫ್ಯಾಟ್ ಏನಾಯಿತು ಎಂದು ತಾಯಿಗೆ ತೋರಿಸಬಹುದು.

ನಾಗಮಂಗಲದಲ್ಲಿ ಮಳೆಯೇ ಮಾತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆ ಅಳೆಯುವ ಯಂತ್ರಗಳನ್ನು ಇರಿಸಿದೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಗುಂಟೆಗೆ ಸುಮಾರು 101 ಲೀಟರ್, ಒಂದು ಎಕರೆಗೆ ಸುಮಾರು 4,047 ಲೀಟರ್ ನೀರು. 20 ಮಿಲಿಮೀಟರ್ ಬಿದ್ದರೆ ಎಕರೆಗೆ 80 ಸಾವಿರ ಲೀಟರಿಗೂ ಮೇಲೆ. ಇಷ್ಟು ನೀರು ಹೊಲದಲ್ಲಿ ನಿಂತಿತೋ ಹರಿದುಹೋಯಿತೋ ಎಂಬ ಪ್ರಶ್ನೆಯಿಂದ ಬದು, ಕೃಷಿಹೊಂಡಗಳ ಮಾತು ತಾನಾಗಿ ಬರುತ್ತದೆ. ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ, ಪಹಣಿಯ 12ನೇ ಕಾಲಂ ಮತ್ತು ಹೊಲದಲ್ಲಿ ನಿಂತ ಬೆಳೆ ಮೂರೂ ಒಂದೇ ಆಗಿವೆಯೇ ಎಂದು ಹೋಲಿಸುವುದು ಇಲ್ಲಿನ ಮಕ್ಕಳಿಗೆ ತಕ್ಕ ಕೆಲಸ.

ಎಚ್ಚರವಿರಲಿ

ನಿಜವಾದ ದಾಖಲೆಯಲ್ಲಿ ನಿಜವಾದ ಮನುಷ್ಯರಿದ್ದಾರೆ. ಯಾರ ಮನೆಯಲ್ಲಿ ಎಷ್ಟು ಸಾಲ, ಯಾರ ಪಡಿತರ ಚೀಟಿ ಯಾವ ಬಣ್ಣ ಎಂಬುದು ತರಗತಿಯ ಗೋಡೆಗೆ ಬರಬಾರದು. ಭೂಮಿ ದಾಖಲೆಯನ್ನು ಯಾರಾದರೂ ನೋಡಬಹುದು ನಿಜ. ಆದರೆ ನೆರೆಯವನ ಪಹಣಿ ತೆಗೆದು ತರಗತಿಯಲ್ಲಿ ಚರ್ಚಿಸುವುದು ಊರಲ್ಲಿ ಜಗಳಕ್ಕೆ ದಾರಿ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಮಕ್ಕಳ ವಿವರಗಳಿಗೆ ವಿಶೇಷ ರಕ್ಷಣೆ ಕೇಳುತ್ತದೆ.

ಆದ್ದರಿಂದ ತರಗತಿಯಲ್ಲಿ ಎಲ್ಲರಿಗೂ ತೋರಿಸುವ ದಾಖಲೆಯಲ್ಲಿ ಹೆಸರು, ಆಧಾರ್, ಖಾತೆ ಸಂಖ್ಯೆಗಳನ್ನು ಬದಲಿಸಬೇಕು. ನಮೂನೆ, ಕಾಲಂ, ಅಳತೆಗಳು ಹಾಗೆಯೇ ಇರಲಿ. ಇಲ್ಲೊಂದು ತಾಂತ್ರಿಕ ಬಲೆ ಇದೆ. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಕಣ್ಣಿಗೆ ಹೆಸರು ಮರೆಯಾಗುತ್ತದೆ, ಆದರೆ ಕೆಳಗಿನ ಅಕ್ಷರಗಳು ಕಡತದಲ್ಲೇ ಉಳಿದಿರುತ್ತವೆ. ನಕಲು ಮಾಡಿ ಬೇರೆಡೆ ಅಂಟಿಸಿದರೆ ಹೊರಬರುತ್ತವೆ. ಕಾಗದಕ್ಕೆ ಮುದ್ರಿಸಿ ಶಾಯಿ ಬಳಿದು ಮತ್ತೆ ಸ್ಕ್ಯಾನ್ ಮಾಡುವುದು ಹಳೆಯ ವಿಧಾನವಾದರೂ ಭದ್ರ. ತಮ್ಮ ಮನೆಯ ಮೂಲ ದಾಖಲೆಯನ್ನು ಮಗು ಮನೆಯಲ್ಲೇ, ತಂದೆತಾಯಿಯ ಜೊತೆ ಕುಳಿತು ಓದಲಿ. ಶಾಲೆ ಓದುವ ಕ್ರಮ ಕಲಿಸಿದರೆ ಸಾಕು.

ತಂತ್ರಾಂಶ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು

ಶಾಲೆ ನಡೆಸುವವರು, ಸಮಾಜಸೇವಾ ಕೇಂದ್ರಗಳ ಕಾರ್ಯಕರ್ತರು ಯಾವುದೇ ಕಲಿಕಾ ತಂತ್ರಾಂಶಕ್ಕೆ ಹಣ ಕೊಡುವ ಮೊದಲು ಇವನ್ನು ಕೇಳಲಿ.

- ಹೊರಗಿನ ಪಿಡಿಎಫ್, ಬರಹದ ಕಡತ, ಲೆಕ್ಕದ ಹಾಳೆ, ಸಿಎಸ್‌ವಿ ಇವನ್ನು ತೆರೆಯುತ್ತದೆಯೇ? ತೆರೆದಾಗ ಕಾಲಂಗಳು ಕಲಸಿಹೋಗುವುದಿಲ್ಲವೇ?
- ಮಗು ಮಾಡಿದ ಕೆಲಸವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಬಹುದಾದ ರೂಪದಲ್ಲಿ ಉಳಿಸಬಹುದೇ, ಮುದ್ರಿಸಬಹುದೇ?
- ಕನ್ನಡ ಯುನಿಕೋಡ್‌ನಲ್ಲಿ ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಸಾಧ್ಯವೇ?
- ಅಂತರ್ಜಾಲ ಇಲ್ಲದಾಗ, ಹಳೆಯ ಕಂಪ್ಯೂಟರಿನಲ್ಲಿ ನಡೆಯುತ್ತದೆಯೇ?
- ದೃಷ್ಟಿದೋಷವುಳ್ಳ ಮಗುವಿಗೆ ಓದಿ ಹೇಳುವ ತಂತ್ರಾಂಶದೊಂದಿಗೆ ಹೊಂದಿಕೊಳ್ಳುತ್ತದೆಯೇ?
- ಮಕ್ಕಳ ಕಡತಗಳು ಎಲ್ಲಿ ಉಳಿಯುತ್ತವೆ, ಯಾರು ನೋಡಬಲ್ಲರು?

ಇವಕ್ಕೆ ಒಳ್ಳೆಯ ಉತ್ತರ ಕೊಡುವ ತಂತ್ರಾಂಶ ಬಹಳ ದುಬಾರಿಯಾಗಿರಬೇಕಿಲ್ಲ. ಲಿಬ್ರೆ ಆಫೀಸ್ ಉಚಿತ, ಕನ್ನಡದಲ್ಲೂ ಕೆಲಸ ಮಾಡುತ್ತದೆ. ಕಾಸರಗೋಡಿನ ಕನ್ನಡ ಶಾಲೆಗಳು ಸೇರಿದಂತೆ ಕೇರಳದ ಶಾಲೆಗಳಲ್ಲಿ, 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ 2017ರಿಂದ ಕೈಟ್ ಎಂಬ ಹೆಸರಿನಲ್ಲಿರುವ ಯೋಜನೆ ಮುಕ್ತ ತಂತ್ರಾಂಶಗಳನ್ನೇ ನೆಚ್ಚಿಕೊಂಡಿದೆ. ಕರ್ನಾಟಕದಲ್ಲೂ 2013ರ ಸುಮಾರಿಗೆ ರಾಜ್ಯ ಶಿಕ್ಷಣ ಸಂಶೋಧನಾ ಇಲಾಖೆ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಕಾರದಿಂದ ಆರಂಭವಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯಲ್ಲಿ ಶಿಕ್ಷಕರೇ ಪಾಠಸಾಮಗ್ರಿ ತಯಾರಿಸಿ ಹಂಚಿಕೊಂಡರು. ಬೇರೆಯವರು ಅದನ್ನು ತೆಗೆದು ತಿದ್ದಿ ಬಳಸಲು ಸಾಧ್ಯವಿರುವುದೇ ಅದರ ಬಲ.

ನಾವೇನು ಮಾಡಬಹುದು?

ಆರಂಭ ಚಿಕ್ಕದಾಗಿರಲಿ. ವರ್ಷಕ್ಕೆ ನಾಲ್ಕು ದಾಖಲೆ ಸಾಕು: ಒಂದು ಪಹಣಿ, ಒಂದು ವಿದ್ಯುತ್ ಬಿಲ್ಲು, ಒಂದು ಪಾಸ್‌ಪುಸ್ತಕ, ಊರಿನ ಕಸುಬಿಗೆ ಸೇರಿದ ಒಂದು ಚೀಟಿ. ಮಂಡ್ಯದಲ್ಲಿ ಅದು ಹಾಲಿನದೋ ಕಬ್ಬಿನದೋ ಇದ್ದರೆ ಕರಾವಳಿಯಲ್ಲಿ ಅಡಿಕೆ ಮಂಡಿಯದು, ಮೀನು ದಕ್ಕೆಯದು. ಕನ್ನಡ ಶಿಕ್ಷಕರು ಭಾಷೆ ಬಿಡಿಸಲಿ, ಗಣಿತ ಶಿಕ್ಷಕರು ಲೆಕ್ಕ ನೋಡಲಿ, ಕಂಪ್ಯೂಟರ್ ಶಿಕ್ಷಕರು ಕಡತ ತೆರೆಸಲಿ. ನಿವೃತ್ತ ಗ್ರಾಮಲೆಕ್ಕಿಗರೋ ಸಹಕಾರಿ ಸಂಘದ ಕಾರ್ಯದರ್ಶಿಯೋ ಒಂದು ಗಂಟೆ ಬಂದು ಮಾತಾಡಿದರೆ ಪಾಠಕ್ಕೆ ಜೀವ ಬರುತ್ತದೆ. ಚರ್ಚ್‌ಗಳಲ್ಲಿ ಮತ್ತು ಊರುಗಳಲ್ಲಿ ಕೆಲಸ ಮಾಡುವ ಸ್ವಸಹಾಯ ಸಂಘಗಳು ತಮ್ಮ ಉಳಿತಾಯದ ಲೆಕ್ಕವನ್ನು ಇದೇ ಮಕ್ಕಳ ಕೈಯಲ್ಲಿ ಒಮ್ಮೆ ಪರಿಶೀಲಿಸಿ ನೋಡಬಹುದು.

ಕಾಗದ ಓದಲಾರದವರು ಎಂದೂ ಇನ್ನೊಬ್ಬರ ಮರ್ಜಿಯಲ್ಲಿ ಇರಬೇಕಾಗುತ್ತದೆ. ಹೆಬ್ಬೆಟ್ಟು ಒತ್ತುವ ಕಾಲದಲ್ಲಿ ಹಾಗಿತ್ತು. ಬೆರಳನ್ನು ಯಂತ್ರದ ಮೇಲಿಡುವ ಈ ಕಾಲದಲ್ಲೂ ಹಾಗೆಯೇ ಇದೆ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ವಾರಕ್ಕೆ ಒಂದು ಗಂಟೆ ಮನೆಯ ಕಾಗದಗಳಿಗೆ ಮೀಸಲಿಟ್ಟರೆ, ಹತ್ತನೇ ತರಗತಿ ಮುಗಿಸಿ ಹೊರಬರುವ ಹುಡುಗಿ ತನ್ನ ತಂದೆಯ ಪಹಣಿಯ 11ನೇ ಕಾಲಂನಲ್ಲಿ ಏನಿದೆ ಎಂದು ತಾನೇ ಓದಿ ಹೇಳಬಲ್ಲಳು. ಅಲ್ಲಿ ತಪ್ಪಿದ್ದರೆ ಅದನ್ನು ತಿದ್ದಿಸಲು ಅರ್ಜಿಯನ್ನೂ ತಾನೇ ಬರೆಯಬಲ್ಲಳು.